ನಿಂತುಹೋದ ಬಾನುಲಿ

2020ನೆಯ ಇಸವಿ ಜನವರಿ 31ರಂದು ಬಿ.ಬಿ.ಸಿ.ಯವರ ಹಿಂದೀ ಬಾನುಲಿಯ ಕಿರು ತರಂಗ ಪ್ರಸಾರವು ನಿಂತುಹೋಯಿತು. 1940ರ ಮೇ 11ರಂದು ಹಿಂದೂಸ್ತಾನಿ ಸೇವೆಯೆಂಬ ಹೆಸರಿನಿಂದ ಮೊದಲಾದ ಈ ಪ್ರಸಾರಕ್ಕೆ ಎಂಬತ್ತು ವರ್ಷ ತುಂಬಲು ಆಗ ಉಳಿದಿದ್ದುದು ನೂರೊಂದು ದಿನ ಮಾತ್ರ. ನಮ್ಮ ವಾಚನಾಲಯದಲ್ಲಿ ಈ ಮಾತೆತ್ತಿದರೆ ಹಿರಿಯ ಸದಸ್ಯರು ಇಂದಿಗೂ "ಅದನ್ನು ಏಕೆ ನಿಲ್ಲಿಸಿದರು?" ಎಂದು ನೊಂದುಕೊಂಡು ಕೇಳುತ್ತಾರೆ. ಕಿರಿಯರಾದರೋ "ನಿಂತರೆ ನಮಗೇನು ನಷ್ಟ? ಕೈಯಲ್ಲಿ ಮೊಬೈಲು ಇದೆಯಲ್ಲ" ಎನ್ನುತ್ತಾರೆ. ಎರಡು ಪ್ರಶ್ನೆಗಳೂ ನ್ಯಾಯವಾದುವೇ. ತಿಳಿದ ಮಟ್ಟಿಗೆ ಇವೆರಡಕ್ಕೂ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಕನ್ನಡಿಗರ ಪತ್ರಿಕೆಯಲ್ಲಿ ಹಿಂದೀ ಬಾನುಲಿಯ ಚರ್ಚೆ ಏತಕ್ಕೆಂದು ಕೆಲವರು ಕೇಳಬಹುದು. ಹೊಟ್ಟೆಪಾಡಿಗಾಗಿ ದೆಹಲಿಗೆ ಬಂದ ನಮ್ಮವರಲ್ಲಿ ಅನೇಕರು ತಪ್ಪಿಲ್ಲದ ಹಿಂದಿಯನ್ನು ಕಲಿತದ್ದು ಶಾಲೆಯಲ್ಲಲ್ಲ, ಬಾನುಲಿಯ ಮುಂದೆ ಕುಳಿತು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಲಂಡನ್ನಿನ ಬಾನುಲಿಯನ್ನು ನಿಲ್ಲಿಸಿದ ಕಾರಣಗಳೇ ನಮ್ಮ ಕನ್ನಡ ಬಾನುಲಿಯ ಬಾಗಿಲನ್ನೂ ತಟ್ಟುತ್ತಿವೆ. ನೆರೆಮನೆಯ ಗೋಡೆ ಬಿದ್ದಾಗ ನಮ್ಮ ಗೋಡೆಯನ್ನೊಮ್ಮೆ ನೋಡಿಕೊಳ್ಳುವುದು ಬುದ್ಧಿವಂತಿಕೆ.

ಕಿರು ತರಂಗವೆಂದರೇನು?

ಬಾನುಲಿಯ ಅಲೆಗಳಲ್ಲಿ ಉದ್ದದವೂ ಇವೆ, ಗಿಡ್ಡವೂ ಇವೆ. ಮಧ್ಯಮ ತರಂಗದ ಒಂದೊಂದು ಅಲೆಯ ಉದ್ದ ಸುಮಾರು ಇನ್ನೂರರಿಂದ ಐನೂರೈವತ್ತು ಮೀಟರು. ಕಿರು ತರಂಗದ್ದು ಹತ್ತರಿಂದ ನೂರು ಮೀಟರು. ಹಳೆಯ ರೇಡಿಯೋ ಪೆಟ್ಟಿಗೆಗಳ ಮುಖದ ಮೇಲೆ 19, 25, 31, 41, 49 ಎಂದು ಬರೆದಿರುತ್ತಿದ್ದುದು ಇದೇ ಮೀಟರಿನ ಲೆಕ್ಕ. ಈಗ ಎಲ್ಲೆಡೆ ಕೇಳುವ ಎಫ್.ಎಂ. ಅಲೆಯ ಉದ್ದವಾದರೋ ಸುಮಾರು ಮೂರು ಮೀಟರು ಮಾತ್ರ.

ಅಲೆಯ ಉದ್ದಕ್ಕೆ ತಕ್ಕಂತೆ ಅದರ ನಡಿಗೆಯೂ ಬೇರೆಯಾಗುತ್ತದೆ. ಎಫ್.ಎಂ. ಅಲೆಯು ನೇರವಾಗಿ ಸಾಗುತ್ತದೆ. ಭೂಮಿಯು ಗುಂಡಗಿರುವುದರಿಂದ ಅರವತ್ತೋ ಎಂಬತ್ತೋ ಕಿಲೋಮೀಟರು ದಾಟುವಷ್ಟರಲ್ಲಿ ಅದು ನಮ್ಮ ತಲೆಯ ಮೇಲಿಂದ ಹಾದು ಆಕಾಶಕ್ಕೆ ಹೊರಟುಹೋಗುತ್ತದೆ. ಆದುದರಿಂದಲೇ ಬೆಂಗಳೂರಿನ ಎಫ್.ಎಂ. ದೆಹಲಿಗೆ ಎಂದಿಗೂ ಕೇಳುವುದಿಲ್ಲ.

ಕಿರು ತರಂಗದ ಸಂಗತಿಯೇ ಬೇರೆ. ಭೂಮಿಯಿಂದ ಸುಮಾರು ಅರವತ್ತು ಕಿಲೋಮೀಟರು ಮೇಲೆ ಹೋದರೆ ಅಲ್ಲಿಂದಾಚೆಗೆ ನೂರಾರು ಕಿಲೋಮೀಟರುಗಳವರೆಗೆ ಗಾಳಿಯ ಕಣಗಳು ಸೂರ್ಯನ ಬಿಸಿಲಿಗೆ ವಿದ್ಯುತ್ತನ್ನು ಹೊತ್ತುಕೊಂಡು ಪದರ ಪದರವಾಗಿ ನಿಂತಿರುತ್ತವೆ. ಇದಕ್ಕೆ ಅಯಾನುಮಂಡಲವೆಂದು ಹೆಸರು. ಕಿರು ತರಂಗವು ಈ ಪದರಕ್ಕೆ ತಾಗಿ ಕೆಳಕ್ಕೆ ಬಾಗುತ್ತದೆ, ನೆಲಕ್ಕೆ ತಾಗಿ ಮತ್ತೆ ಮೇಲಕ್ಕೇಳುತ್ತದೆ. ವಾಚನಾಲಯದ ಕೇರಂ ಹಲಗೆಯಲ್ಲಿ ಸ್ಟ್ರೈಕರು ಒಂದಂಚಿಗೆ ಬಡಿದು ಮತ್ತೊಂದಂಚಿಗೆ ಹಾರುವುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೀಗೆ ನೆಗೆಯುತ್ತ ನೆಗೆಯುತ್ತ ಸಮುದ್ರ ಪರ್ವತಗಳನ್ನು ದಾಟಿ ಸಾವಿರಾರು ಮೈಲಿಯಾಚೆಗೆ ಅದು ತಲಪುತ್ತದೆ. ನಡುವೆ ತಂತಿ ಬೇಡ, ಗೋಪುರ ಬೇಡ, ಯಾವ ಸರಕಾರದ ಅಪ್ಪಣೆಯೂ ಬೇಡ.

ಮಧ್ಯಮ ತರಂಗಕ್ಕೂ ಈ ಭಾಗ್ಯ ರಾತ್ರಿ ವೇಳೆಯಲ್ಲಿ ದೊರೆಯುತ್ತದೆ. ಹಗಲಿನಲ್ಲಿ ಅಯಾನುಮಂಡಲದ ಕೆಳಗಿನ ಪದರವು ಅದನ್ನು ಹೀರಿಬಿಡುತ್ತದೆ. ಹೊತ್ತು ಮುಳುಗಿದೊಡನೆ ಆ ಪದರ ಕರಗಿ, ಅಲೆಯು ಮೇಲಿನ ಪದರಕ್ಕೆ ತಾಗಿ ಹಿಂದಿರುಗುತ್ತದೆ. ಹಗಲಿನಲ್ಲಿ ಕೇಳದ ದೂರದ ನಿಲಯಗಳು ರಾತ್ರಿ ಹತ್ತರ ಮೇಲೆ ಕೇಳಿಸುತ್ತಿದ್ದುದರ ಗುಟ್ಟು ಇದೇ. ಅಯಾನುಮಂಡಲವು ಸದಾ ಒಂದೇ ತೆರನಾಗಿರದು. ಆದುದರಿಂದಲೇ ದನಿ ಏರುವುದು, ಇಳಿಯುವುದು, ಮಧ್ಯೆ ಗೊರಗೊರ ಸದ್ದು ಬರುವುದು.

ಲಂಡನ್ನಿನಿಂದ ಬಂದ ದನಿ

ಹಿಂದೂಸ್ತಾನಿ ಸೇವೆಯು ಹುಟ್ಟಿದುದು ಎರಡನೆಯ ಮಹಾಯುದ್ಧದ ನಡುವೆ. ಜರ್ಮನಿಯವರು ಬಾನುಲಿಯ ಮೂಲಕ ಭಾರತೀಯರ ಕಿವಿಗೆ ತಮ್ಮ ಮಾತು ತುಂಬುತ್ತಿದ್ದಾಗ ಬ್ರಿಟಿಷರು ತಮ್ಮ ಪಕ್ಷವನ್ನು ಹೇಳಿಕೊಳ್ಳಲು ಇದನ್ನು ತೆರೆದರು. ಆದಕಾರಣ ಅದರ ಹುಟ್ಟಿನಲ್ಲಿ ಪರೋಪಕಾರವೊಂದೇ ಇತ್ತೆಂದು ನಾವು ಭಾವಿಸಬೇಕಿಲ್ಲ. ಝುಲ್ಫಿಕರ್ ಅಲಿ ಬುಖಾರಿಯವರು ಅದರ ಆರಂಭದ ಮುಖ್ಯಸ್ಥರಾಗಿದ್ದರು. ಮುಂದೆ ಚಿತ್ರರಂಗದಲ್ಲಿ ಹೆಸರಾದ ಬಲರಾಜ್ ಸಾಹನಿಯವರು ಯುದ್ಧದ ಕಾಲದಲ್ಲಿ ಅಲ್ಲಿ ಉದ್ಘೋಷಕರಾಗಿದ್ದರು. ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1941ರಿಂದ 1943ರವರೆಗೆ ಬಿ.ಬಿ.ಸಿ.ಯ ಪೂರ್ವದೇಶಗಳ ವಿಭಾಗದಲ್ಲಿ ಭಾರತಕ್ಕಾಗಿ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದರು. ತಮ್ಮ ಶ್ರಮ ವ್ಯರ್ಥವಾಗುತ್ತಿದೆಯೆಂದು ಬೇಸತ್ತು ಕೊನೆಗೆ ಕೆಲಸ ಬಿಟ್ಟರು.

ಆದರೂ ಕಾಲ ಕಳೆದಂತೆ ಅದಕ್ಕೊಂದು ನಂಬಿಕೆ ಬೆಳೆಯಿತು. 1971ರ ಬಾಂಗ್ಲಾ ಯುದ್ಧದಲ್ಲಿ, 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ನಮ್ಮ ಪತ್ರಿಕೆಗಳ ಬಾಯಿ ಕಟ್ಟಿದ್ದಾಗ, ಜನರು ಕದ ಮುಚ್ಚಿಕೊಂಡು ಬಿ.ಬಿ.ಸಿ. ಹಾಕುತ್ತಿದ್ದರು. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇದೇ ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿತು. ಅವರ ಮರಣದ ವಾರ್ತೆಯನ್ನು ಆಕಾಶವಾಣಿಯು ಸಂಜೆಯವರೆಗೂ ಹೇಳಲಿಲ್ಲ, ಬಿ.ಬಿ.ಸಿ. ಗಂಟೆಗಟ್ಟಲೆ ಮುಂಚಿತವಾಗಿ ಹೇಳಿತ್ತು. ಬಂಗಾಳದ ಪ್ರವಾಸದಲ್ಲಿದ್ದ ರಾಜೀವ ಗಾಂಧಿಯವರು ಸಹ ಟ್ರಾನ್ಸಿಸ್ಟರಿನಲ್ಲಿ ಬಿ.ಬಿ.ಸಿ. ಕೇಳಿಯೇ ಸಂಗತಿ ತಿಳಿಯಬೇಕಾಯಿತು. ಮನೆಯ ಮಗನಿಗೇ ಮನೆಯ ಸುದ್ದಿ ಪರದೇಶದಿಂದ ಬಂದಿತೆಂದರೆ, ಆ ಬಾನುಲಿಯನ್ನು ಜನ ಏಕೆ ನಂಬಿದರೆಂದು ಬೇರೆ ಹೇಳಬೇಕೆ?

ಆ ಕಾಲದಲ್ಲಿ ಕಿರು ತರಂಗದ ಸಂತೆಯೇ ನೆರೆದಿತ್ತು. 1952ರಲ್ಲಿ ಕೇಂದ್ರದ ಮಂತ್ರಿಗಳಾದ ಬಿ. ವಿ. ಕೇಸ್ಕರರು ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ತಡೆದರು. ಕೇಳುವವರು ಸಿಲೋನ್ ರೇಡಿಯೋದತ್ತ ತಿರುಗಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆ ವರ್ಷದ ಡಿಸೆಂಬರಿನಲ್ಲಿಯೇ ಅಲ್ಲಿಂದ ಹೊರಟಿತು. ಆಕಾಶವಾಣಿಯು ಇದಕ್ಕೆ ಎದುರಾಗಿ ವಿವಿಧ ಭಾರತಿಯನ್ನು ತೆರೆದುದು 1957ರ ಅಕ್ಟೋಬರ್ 3ರಂದು. ಮಾಸ್ಕೋ ರೇಡಿಯೋದವರು ಭಾರತದ ಹಲವು ಭಾಷೆಗಳೊಂದಿಗೆ ಕನ್ನಡದಲ್ಲಿಯೂ ಪ್ರಸಾರ ನಡೆಸಿದ್ದರು. ಕನ್ನಡ ಕಲಿತ ಒಬ್ಬ ರಷ್ಯನ್ನರ ಉಚ್ಚಾರವನ್ನು ಕೇಳಿ ನಗುತ್ತಲೇ ಹಿಗ್ಗುತ್ತಿದ್ದ ಹಳ್ಳಿಗರನ್ನು ಹಿರಿಯರು ಈಗಲೂ ನೆನೆಯುತ್ತಾರೆ.

ಏಕೆ ನಿಂತಿತು?

ಮೊದಲನೆಯ ಕಾರಣ ಹಣ. ಬಿ.ಬಿ.ಸಿ.ಯ ವಿಶ್ವ ಸೇವೆಗೆ 2014ರವರೆಗೆ ಹಣ ಕೊಡುತ್ತಿದ್ದುದು ಬ್ರಿಟನ್ನಿನ ವಿದೇಶಾಂಗ ಇಲಾಖೆ. 2010ರಲ್ಲಿ ಅಲ್ಲಿನ ಸರಕಾರ ಖರ್ಚು ಕಡಿತಕ್ಕೆ ಹೊರಟಿತು. ಅದರ ಫಲವಾಗಿ 2011ರ ಜನವರಿಯಲ್ಲಿ ಐದು ಭಾಷೆಗಳ ಸೇವೆಗಳನ್ನು ಪೂರ್ತಿ ಮುಚ್ಚುವುದಾಗಿಯೂ, ಹಿಂದಿಯ ಕಿರು ತರಂಗವನ್ನು ನಿಲ್ಲಿಸುವುದಾಗಿಯೂ ಪ್ರಕಟಣೆ ಹೊರಟಿತು. ಆಗ ಕೇಳುಗರು ಸುಮ್ಮನಿರಲಿಲ್ಲ. ಪತ್ರಗಳು ಹೋದುವು, ಹೆಸರಾಂತ ಲೇಖಕರು ಬ್ರಿಟನ್ನಿನ ಪತ್ರಿಕೆಗೆ ಬರೆದರು. ಪರಿಣಾಮವಾಗಿ ಸಂಜೆಯ ಒಂದು ಗಂಟೆಯ ಪ್ರಸಾರ ಉಳಿಯಿತು. ಒಂದು ವರ್ಷಕ್ಕೆಂದು ಉಳಿಸಿದ್ದು ಹೇಗೋ ಮುಂದುವರಿದು 2020ನ್ನು ಮುಟ್ಟಿತು. ಈ ಸಂಗತಿಯನ್ನು ಸದಸ್ಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇದರ ಮಾತು ಮುಂದೆ ಬರುವುದಿದೆ.

ಎರಡನೆಯದು ವಿದ್ಯುಚ್ಛಕ್ತಿಯ ಖರ್ಚು. ಇದನ್ನು ನಮ್ಮ ದೇಶದ ಉದಾಹರಣೆಯಿಂದಲೇ ಲೆಕ್ಕ ಹಾಕೋಣ. ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯು 1988ರ ಮೇ 18ರಂದು ಆರಂಭವಾಯಿತು. ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ದೆಹಲಿಯ ಟೋಡಾಪುರದಲ್ಲಿ. ಪ್ರಸಾರವಾಗುತ್ತಿದ್ದುದು ದೇಶದ ನಡುಮಧ್ಯೆ ಇರುವ ನಾಗಪುರದ 1,000 ಕಿಲೋವಾಟ್ ಯಂತ್ರದಿಂದ. ಮಧ್ಯಮ ತರಂಗವು ರಾತ್ರಿಯಲ್ಲಿ ದೂರ ಹೋಗುವುದರಿಂದ ಸಂಜೆ ಏಳರ ಸುಮಾರಿಗೆ ಆರಂಭಿಸಿ ಬೆಳಗಿನ ಆರರವರೆಗೆ ನಡೆಸುತ್ತಿದ್ದರು. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ, ಕಾವಲುಗಾರರಿಗೆ, ಲಾರಿ ಚಾಲಕರಿಗೆ ಅದೊಂದು ಜೊತೆಗಾರ. ಸಾವಿರ ಕಿಲೋವಾಟೆಂದರೆ ಗಂಟೆಗೆ ಸಾವಿರ ಯೂನಿಟ್ಟು. ಹನ್ನೊಂದು ಗಂಟೆಗೆ ಹನ್ನೊಂದು ಸಾವಿರ ಯೂನಿಟ್ಟು. ಯಂತ್ರದಲ್ಲಿಯೇ ಬಿಸಿಯಾಗಿ ಹೋಗುವುದು, ಅದನ್ನು ತಣಿಸಲು ತಗಲುವುದು ಇದಕ್ಕೆ ಹೊರತು. ನಮ್ಮ ಒಂದು ಕೋಣೆಯ ಮನೆಗೆ ತಿಂಗಳಿಗೆ ನೂರು ಯೂನಿಟ್ಟು ಸಾಕೆಂದರೆ, ಇದು ಒಂದೇ ರಾತ್ರಿಯಲ್ಲಿ ನೂರಹತ್ತು ಮನೆಗಳ ತಿಂಗಳ ಖರ್ಚು. 2018ರ ಡಿಸೆಂಬರ್ 24ರ ಆಜ್ಞೆಯಿಂದ ಈ ವಾಹಿನಿಯನ್ನು ಮುಚ್ಚಿದರು. ಅದರೊಂದಿಗೆ ಐದು ಊರುಗಳಲ್ಲಿದ್ದ ಪ್ರಾದೇಶಿಕ ತರಬೇತಿ ಕೇಂದ್ರಗಳೂ ಮುಚ್ಚಿದುವು. ಮಿತವ್ಯಯವೇ ಅದಕ್ಕೆ ಕೊಟ್ಟ ಮುಖ್ಯ ಕಾರಣ.

ಮೂರನೆಯ ಕಾರಣ ನಾವೇ. ಕಿರು ತರಂಗದ ಪಟ್ಟಿಯಿರುವ ರೇಡಿಯೋವನ್ನು ಕೊಳ್ಳುವವರು ಕಡಿಮೆಯಾದರು. ಅಂಗಡಿಯವರು ತರಿಸುವುದನ್ನು ಬಿಟ್ಟರು. ಮೊಬೈಲಿನಲ್ಲಿ ಎಫ್.ಎಂ. ಬಂದಿತು, ಕಿರು ತರಂಗ ಬರಲಿಲ್ಲ. ಕೇಳುವವರ ಸಂಖ್ಯೆ ಇಳಿಯಿತೆಂದು ಬಿ.ಬಿ.ಸಿ.ಯವರು ಹೇಳಿದುದು ಸುಳ್ಳಲ್ಲ. ಹಿಂದಿಯೊಂದೇ ಅಲ್ಲ, ಅವರ ಬಂಗಾಳಿ ಬಾನುಲಿ 2022ರ ಕೊನೆಗೆ, 1938ರಲ್ಲಿ ಹುಟ್ಟಿದ ಅರಬ್ಬೀ ಬಾನುಲಿ 2023ರ ಜನವರಿಯಲ್ಲಿ ಮುಗಿದುವು. 2017ರಲ್ಲಿ ಅವರು ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಭಾಷೆಗಳಲ್ಲಿ ಅಂತರ್ಜಾಲದ ಸೇವೆಗಳನ್ನು ಆರಂಭಿಸಿದರು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ.

ನಮ್ಮ ಮನೆಯ ಕಥೆ

ಬಾನುಲಿಯ ಬಾಗಿಲು ಮುಚ್ಚುವುದು ಹೊಸ ಸಂಗತಿಯೇನೂ ಅಲ್ಲ. 1927ರ ಜುಲೈ 23ರಂದು ಮುಂಬಯಿಯಲ್ಲಿ ಪ್ರಸಾರ ತೊಡಗಿದ ಖಾಸಗಿ ಕಂಪನಿಯು ಮೂರು ವರ್ಷ ತುಂಬುವುದರೊಳಗೆ ದಿವಾಳಿಯಾಗಿ, 1930ರ ಏಪ್ರಿಲಿನಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು.

ಕನ್ನಡನಾಡಿನಲ್ಲಿ ಈ ಕಥೆ ಇನ್ನೂ ಹತ್ತಿರದ್ದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಒಂದು ಪುಟ್ಟ ಯಂತ್ರದ ಮೂಲಕ ಪ್ರಸಾರ ಆರಂಭಿಸಿದರು. ಅದರ ಶಕ್ತಿ 30 ವಾಟು ಮಾತ್ರ. ಇಂದಿನ ಒಂದು ಸೀಲಿಂಗ್ ಫ್ಯಾನು ಎಳೆಯುವುದಕ್ಕಿಂತ ಹೆಚ್ಚೇನಲ್ಲ! ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಮುಂದೆ ಮೈಸೂರು ಸಂಸ್ಥಾನವು ಆ ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಿಂದ ಅದು ಅಖಿಲ ಭಾರತ ಬಾನುಲಿಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡದ ನಿಲಯವೂ ತೆರೆದಿತ್ತು.

ಆದರೆ 1955ರ ನವೆಂಬರಿನಲ್ಲಿ ಮೈಸೂರಿನ ನಿಲಯವನ್ನು ಬೆಂಗಳೂರಿಗೆ ಸಾಗಿಸಿದರು. ಆಕಾಶವಾಣಿಯೆಂಬ ಮಾತು ಹುಟ್ಟಿದ ಊರಿನಲ್ಲಿಯೇ ಆಕಾಶವಾಣಿ ಇಲ್ಲವಾಯಿತು. ಆಡಳಿತದ ದೃಷ್ಟಿಯಿಂದ ಅದು ಸರಿಯಾದ ಕ್ರಮವಿದ್ದೀತು. ರಾಜಧಾನಿಗೆ ನಿಲಯ ಬೇಕಿತ್ತು. ಮೈಸೂರಿನವರಿಗೆ ಮಾತ್ರ ಅದು ಮನೆಯ ಮಗಳನ್ನು ಕೊಟ್ಟು ಕಳಿಸಿದಂತಾಯಿತು. ಹತ್ತೊಂಬತ್ತು ವರ್ಷಗಳ ತರುವಾಯ, 1974ರಲ್ಲಿ, ಮೈಸೂರಿಗೆ ನಿಲಯ ಮರಳಿ ಬಂದಿತು. ಮುಚ್ಚಿದ ಬಾನುಲಿ ಮತ್ತೆ ತೆರೆಯುವುದುಂಟು ಎಂಬುದಕ್ಕೆ ಇದು ನಮ್ಮದೇ ಸಾಕ್ಷಿ. ಆ ಹೆಸರಂತೂ ದೇಶವನ್ನೇ ಗೆದ್ದಿತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿಯವರು 'ಆಲ್ ಇಂಡಿಯಾ ರೇಡಿಯೋ' ಎಂಬುದನ್ನು ಬಿಟ್ಟು 'ಆಕಾಶವಾಣಿ' ಎಂದೇ ಬಳಸಬೇಕೆಂದು ಆಜ್ಞೆ ಹೊರಡಿಸಿದರು.

ದೆಹಲಿಯ ಕನ್ನಡಿಗರಿಗೆ ಇನ್ನೊಂದು ನಂಟಿತ್ತು. ಸಂಸದ್ ಮಾರ್ಗದ ಆಕಾಶವಾಣಿ ಭವನದಿಂದ ಕನ್ನಡ ವಾರ್ತೆಗಳು ಹೊರಡುತ್ತಿದ್ದುವು. ಕರ್ನಾಟಕದ ನಿಲಯಗಳು ಅವನ್ನು ಮರುಪ್ರಸಾರ ಮಾಡುತ್ತಿದ್ದುವು. ಊರಿನಲ್ಲಿ ತಂದೆತಾಯಿಗಳು ಮುಂಜಾನೆ ಕಾಫಿ ಕುಡಿಯುತ್ತ ಕೇಳುವ ದನಿ ನಾವಿರುವ ಊರಿನಿಂದಲೇ ಹೋಗುತ್ತಿದೆಯೆಂಬುದು ಒಂದು ಸಮಾಧಾನ. 2016ರ ಆಚೀಚೆ ದೆಹಲಿಯಲ್ಲಿದ್ದ ಪ್ರಾದೇಶಿಕ ಭಾಷೆಗಳ ವಾರ್ತಾ ಘಟಕಗಳನ್ನು ಆಯಾ ರಾಜ್ಯಗಳಿಗೆ ಸಾಗಿಸುವ ಕ್ರಮ ನಡೆಯಿತು. ಸುದ್ದಿ ಓದುವವರು ಭಾಷೆಯ ನೆಲದಲ್ಲಿಯೇ ಇರಲೆಂಬುದರಲ್ಲಿ ನ್ಯಾಯವಿದೆ. ಹೊರನಾಡಿನ ನಮಗೆ ಮಾತ್ರ ಒಂದು ಎಳೆ ಕಡಿದಂತಾದುದು ನಿಜ.

ಈ ಬಡಾವಣೆಯೂ ಹಾಗೆಯೇ ಬದಲಾಗುತ್ತಿದೆ. ಒಂದು ಕಾಲಕ್ಕೆ ವಿನಯ ನಗರವೆಂದು ಕರೆಸಿಕೊಂಡಿದ್ದ ಸರೋಜಿನಿ ನಗರದ ಹಳೆಯ ಸರಕಾರಿ ಕ್ವಾರ್ಟರ್ಸುಗಳನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆಯಿತು. ಸಾಲು ಮನೆಗಳಲ್ಲಿ ಒಬ್ಬರ ರೇಡಿಯೋ ನಾಲ್ಕು ಮನೆಗೆ ಕೇಳುತ್ತಿತ್ತು. ಮಹಡಿ ಮನೆಗಳಲ್ಲಿ ಅವರವರ ಕಿವಿಗೆ ಅವರವರ ತಂತಿ.

ಕಳೆದುಕೊಂಡದ್ದೇನು?

ಬರಿಯ ಹಳೆಯದೆಂಬ ಕಾರಣಕ್ಕೆ ಮರುಗುವುದು ಸರಿಯಲ್ಲ. ಗೊರಗೊರ ಸದ್ದನ್ನು, ಏರಿಯಲ್ ತಂತಿ ಹಿಡಿದು ಮಾಳಿಗೆಯ ಮೇಲೆ ನಿಲ್ಲುವುದನ್ನು, ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ರೇಡಿಯೋ ಲೈಸೆನ್ಸಿನ ಹಣ ಕಟ್ಟುವುದನ್ನು ಮತ್ತೆ ಬೇಕೆಂದು ಯಾರೂ ಕೇಳಲಾರರು. ನಿಜವಾಗಿ ಕಳೆದುಕೊಂಡದ್ದನ್ನು ಎಣಿಸಿ ನೋಡೋಣ.

ಒಂದು, ಬೆಲೆ. ಒಮ್ಮೆ ಪೆಟ್ಟಿಗೆ ಕೊಂಡರೆ ಆಯಿತು. ಎರಡು ಸೆಲ್ಲು ವಾರಗಟ್ಟಲೆ ಬರುತ್ತಿದ್ದುವು. ಮೊಬೈಲಿನಲ್ಲಿ ಪ್ರತಿ ತಿಂಗಳೂ ರೀಚಾರ್ಜು. ಸಂಬಳ ತಡವಾದ ತಿಂಗಳಲ್ಲಿ ಸುದ್ದಿಯೂ ತಡೆಯುತ್ತದೆ.

ಎರಡು, ಗುಟ್ಟು. ನಾವು ಏನು ಕೇಳಿದೆವೆಂಬುದು ರೇಡಿಯೋಗೆ ತಿಳಿಯದು, ಯಾರಿಗೂ ಅದು ಹೇಳದು. ಮೊಬೈಲು ನಾವು ಕೇಳಿದ್ದನ್ನು, ಕೇಳಿದ ಹೊತ್ತನ್ನು, ಕುಳಿತ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ.

ಮೂರು, ಸಂಕಟದ ವೇಳೆಗೆ ಒದಗುವ ಗುಣ. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ದೂರವಾಣಿಯೂ ಅಂತರ್ಜಾಲವೂ ನಿಂತಾಗ ಬಿ.ಬಿ.ಸಿ.ಯವರು ಹಿಂದೀ ಕಿರು ತರಂಗದ ವೇಳೆಯನ್ನು ಅರ್ಧ ಗಂಟೆ ಹೆಚ್ಚಿಸಿದರು; ಉರ್ದುವಿನಲ್ಲಿ ಕಾಲು ಗಂಟೆಯ ಹೊಸ ಪ್ರಸಾರ ಕೊಟ್ಟರು. ತಂತಿ ಕಡಿದರೂ ಅಲೆ ಕಡಿಯದೆಂದು ಅವರೇ ಬಲ್ಲರು. ಆದರೂ ಆರು ತಿಂಗಳು ತುಂಬುವುದರೊಳಗೆ ಹಿಂದೀ ಪ್ರಸಾರವನ್ನು ಮುಗಿಸಿದರು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು. ನಮ್ಮ ದೇಶದಲ್ಲಿ ಖಾಸಗಿ ಎಫ್.ಎಂ. ನಿಲಯಗಳು ಸ್ವಂತ ವಾರ್ತೆಗಳನ್ನು ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು, ಅಷ್ಟೆ. ಆದಕಾರಣ ರೇಡಿಯೋವೊಂದನ್ನೇ ನೆಚ್ಚಿದ ಬಡವನಿಗೆ ಎರಡನೆಯ ಮಾತು ಕೇಳಲು ಇದ್ದ ದಾರಿ ಹೊರದೇಶದ ಕಿರು ತರಂಗವೇ. ಅದು ನಿಂತ ಮೇಲೆ ಅವನ ಪೆಟ್ಟಿಗೆಯಲ್ಲಿ ವಾರ್ತೆಗೆ ಉಳಿದುದು ಒಂದೇ ಬಾಯಿ. ಆ ಬಾಯಿ ಒಳ್ಳೆಯದನ್ನೇ ಹೇಳಲಿ. ಆದರೂ ಒಂದೇ ಬಾಯಿಯ ಮಾತನ್ನು ಇನ್ನೊಂದರೊಂದಿಗೆ ತೂಗಿ ನೋಡಲು ತಕ್ಕಡಿಯ ಎರಡನೆಯ ತಟ್ಟೆ ಬೇಡವೆ?

ಈಗ ಮಾಡಬಹುದಾದುದು

ಕನ್ನಡ ಬಾನುಲಿಯನ್ನು ದೆಹಲಿಯಲ್ಲಿ ಕೇಳುವ ದಾರಿಗಳು ಈಗಲೂ ಇವೆ. ಆಕಾಶವಾಣಿಯ 'ನ್ಯೂಸ್ ಆನ್ ಏರ್' ಎಂಬ ಆ್ಯಪನ್ನು ಮೊಬೈಲಿನಲ್ಲಿ ಹಾಕಿಕೊಂಡರೆ ಬೆಂಗಳೂರು, ಧಾರವಾಡ, ಮೈಸೂರು ಮೊದಲಾದ ನಿಲಯಗಳನ್ನು ಆರಿಸಿಕೊಳ್ಳಬಹುದು. ಸಂಗೀತಕ್ಕಿಂತ ಮಾತಿನ ಕಾರ್ಯಕ್ರಮ ಕೇಳುವಾಗ ಡೇಟಾ ಖರ್ಚು ಕಡಿಮೆಯೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ, ಎರಡಕ್ಕೂ ಒಂದೇ. ಆದರೂ ಚಿತ್ರ ನೋಡುವುದಕ್ಕೆ ತಗಲುವುದರ ಸಣ್ಣದೊಂದು ಪಾಲು ಮಾತ್ರ ಕೇಳುವುದಕ್ಕೆ ತಗಲುತ್ತದೆ. ಡಿ.ಡಿ. ಫ್ರೀ ಡಿಶ್ ತಟ್ಟೆಯುಳ್ಳವರಿಗೆ ಟೆಲಿವಿಷನ್ನಿನಲ್ಲಿಯೇ ಆಕಾಶವಾಣಿಯ ಹಲವು ಭಾಷೆಗಳ ವಾಹಿನಿಗಳು ತಿಂಗಳ ಹಣವಿಲ್ಲದೆ ದೊರೆಯುತ್ತವೆ. ಆ್ಯಪು ಹಾಕಿಕೊಳ್ಳಲು ಬಾರದವರು ವಾಚನಾಲಯಕ್ಕೆ ಬಂದರೆ ಕಿರಿಯ ಸದಸ್ಯರು ತೋರಿಸಿಕೊಡುವರು.

ಇದಕ್ಕಿಂತ ಮಿಗಿಲಾದ ಕೆಲಸ ಇನ್ನೊಂದಿದೆ. 2011ರಲ್ಲಿ ಬಿ.ಬಿ.ಸಿ.ಯ ಹಿಂದೀ ಬಾನುಲಿಗೆ ಒಂಬತ್ತು ವರ್ಷ ಆಯುಸ್ಸು ಕೂಡಿದುದು ಕೇಳುಗರ ಪತ್ರಗಳಿಂದ. 2020ರಲ್ಲಿ ಅಷ್ಟು ಪತ್ರಗಳು ಹೋಗಲಿಲ್ಲ. ನಿಲಯ ನಡೆಸುವವರಿಗೆ ಕೇಳುಗನ ಮುಖ ಕಾಣದು. ಆತನ ಪತ್ರವೊಂದೇ ಅವನಿರುವುದಕ್ಕೆ ರುಜುವಾತು. ಮುಚ್ಚಿದ ಮೇಲೆ ಬರೆಯುವ ನೂರು ಪತ್ರಗಳಿಗಿಂತ ನಡೆಯುತ್ತಿರುವಾಗ ಬರೆದ ಒಂದು ಕಾರ್ಡು ಮೇಲು. ಆದುದರಿಂದ ನಮ್ಮ ವಿನಂತಿ ಇಷ್ಟೆ: ಪ್ರತಿಯೊಬ್ಬ ಸದಸ್ಯರೂ ತಮ್ಮ ಜಿಲ್ಲೆಯ ಆಕಾಶವಾಣಿ ನಿಲಯಕ್ಕೆ ತಿಂಗಳಿಗೊಂದು ಕಾರ್ಡು ಬರೆಯಿರಿ. ದೆಹಲಿಯಲ್ಲಿ ಕುಳಿತು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಾರ್ಯಕ್ರಮ ಕೇಳಿದಿರಿ, ಅದರಲ್ಲಿ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ನಾಲ್ಕು ಸಾಲು ಸಾಕು. ವಿಳಾಸ ತಿಳಿಯದವರಿಗೆ ವಾಚನಾಲಯದ ಮೇಜಿನ ಮೇಲೆ ಕರ್ನಾಟಕದ ನಿಲಯಗಳ ಪಟ್ಟಿ ಇಟ್ಟಿದೆ. ಬರೆಯಲು ಬಾರದ ಬಂಧುಗಳು ಹೇಳಿದರೆ ನಾವು ಬರೆದುಕೊಡುತ್ತೇವೆ.